ದುಡಿಯ ಸದ್ದು ಪುಟದಲ್ಲಿ ಹೇಗೆ ಕೇಳುತ್ತದೆ? ಕಥೆಯನ್ನೂ ಅದರ ಸಿನಿಮಾವನ್ನೂ ಜೊತೆಗಿಟ್ಟು ಕಲಿಸುವ ಬಗ್ಗೆ

ಪದವಿ ತರಗತಿಯ ಕನ್ನಡ ಪರೀಕ್ಷೆಗಳಲ್ಲಿ ಒಂದು ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. ‘ಈ ಕಾದಂಬರಿಗೂ ಅದನ್ನು ಆಧರಿಸಿದ ಸಿನಿಮಾಕ್ಕೂ ಇರುವ ವ್ಯತ್ಯಾಸಗಳನ್ನು ಬರೆಯಿರಿ.’ ನಾನೂ ಹಲವು ವರ್ಷ ಇದನ್ನೇ ಕೇಳಿದ್ದೇನೆ. ಉತ್ತರ ಪತ್ರಿಕೆಗಳ ಕಟ್ಟು ಬಿಚ್ಚಿದರೆ ಎಲ್ಲವೂ ಒಂದೇ ಅಚ್ಚಿನಲ್ಲಿ ಹೊಯ್ದ ಹಾಗೆ ಇರುತ್ತಿದ್ದವು. ಪುಟದ ನಡುವೆ ಉದ್ದಕ್ಕೆ ಒಂದು ಗೆರೆ. ಎಡಕ್ಕೆ ಕಾದಂಬರಿ, ಬಲಕ್ಕೆ ಸಿನಿಮಾ. ಅಲ್ಲಿ ಈ ಪಾತ್ರ ಇದೆ, ಇಲ್ಲಿ ಇಲ್ಲ. ಅಲ್ಲಿ ಹಾಡು ಇಲ್ಲ, ಇಲ್ಲಿ ಇದೆ. ಕೊನೆಯಲ್ಲೊಂದು ತೀರ್ಪು: ಸಿನಿಮಾಕ್ಕಿಂತ ಕಾದಂಬರಿಯೇ ಮೇಲು.

ಈಗ ಆ ಪಟ್ಟಿ ಮೊಬೈಲಿನಲ್ಲಿ ಎಐಗೆ ಕೇಳಿದರೆ ಅರ್ಧ ನಿಮಿಷದಲ್ಲಿ ಸಿಗುತ್ತದೆ. ಕಥೆಯ ಸಾರಾಂಶ ಹೇಳುವ ವಿಡಿಯೊಗಳು ಯೂಟ್ಯೂಬಿನಲ್ಲಿ ಬೇಕಾದಷ್ಟಿವೆ. ಹುಡುಗರನ್ನು ಬೈದು ಪ್ರಯೋಜನವಿಲ್ಲ. ಪುಸ್ತಕ ಓದದೆ, ಸಿನಿಮಾವನ್ನೂ ನೋಡದೆ ಬರೆಯಬಹುದಾದ ಪ್ರಶ್ನೆಯನ್ನು ಕೊಟ್ಟವರು ನಾವು. ಬದಲಾಗಬೇಕಾದ್ದು ಪ್ರಶ್ನೆ.

ಕನ್ನಡದವರು ಇದರ ಬಗ್ಗೆ ಸ್ವಲ್ಪ ಜಾಸ್ತಿಯೇ ಯೋಚಿಸಬೇಕು. ನಮ್ಮಲ್ಲಿ ಸಾಹಿತ್ಯ ಮತ್ತು ಸಿನಿಮಾ ಒಂದೇ ಬೀದಿಯ ಎರಡು ಮನೆಗಳು. ಅತ್ಯುತ್ತಮ ಚಿತ್ರ ಎಂದು ರಾಷ್ಟ್ರಪ್ರಶಸ್ತಿ ಪಡೆದ ಕನ್ನಡ ಸಿನಿಮಾಗಳ ಹೆಸರು ನೋಡಿ: ಸಂಸ್ಕಾರ, ಚೋಮನ ದುಡಿ, ಘಟಶ್ರಾದ್ಧ, ತಬರನ ಕಥೆ, ತಾಯಿ ಸಾಹೇಬ, ದ್ವೀಪ. ಪ್ರತಿಯೊಂದರ ಹಿಂದೆಯೂ ಒಂದು ಕಥೆಯೋ ಕಾದಂಬರಿಯೋ ಇದೆ. ಜನ ಮುಗಿಬಿದ್ದು ನೋಡಿದ ಸಿನಿಮಾಗಳಲ್ಲೂ ಇದೇ ನಂಟು. ತ್ರಿವೇಣಿಯವರ ‘ಶರಪಂಜರ’, ತ.ರಾ.ಸು. ಅವರ ‘ನಾಗರಹಾವು’, ಟಿ.ಕೆ. ರಾಮರಾವ್ ಅವರ ‘ಬಂಗಾರದ ಮನುಷ್ಯ’. ಇಷ್ಟು ದೊಡ್ಡ ಕಣಜ ಇಟ್ಟುಕೊಂಡು ನಾವು ಮಕ್ಕಳಿಗೆ ಎರಡು ಕಾಲಮ್ಮಿನ ಪಟ್ಟಿ ಬರೆಯಲು ಹೇಳುತ್ತಿದ್ದೇವೆ.

ನನ್ನ ಮಾತು ಇಷ್ಟೇ. ಒಂದು ಕೃತಿಯನ್ನು ಆಧರಿಸಿದ ಸಿನಿಮಾ ಅಂದರೆ ಅದು ಆ ಕೃತಿಯ ಪ್ರತಿ ಅಲ್ಲ, ಒಬ್ಬರ ಓದು. ನಿರ್ದೇಶಕರು ಒಂದು ಪುಸ್ತಕ ಓದಿದರು, ಓದುವಾಗ ತಮಗೆ ಕಂಡದ್ದನ್ನು ತೆರೆಯ ಮೇಲೆ ಇಟ್ಟರು. ಹಾಗಾಗಿ ವಿದ್ಯಾರ್ಥಿಯ ಕೈಯಲ್ಲಿ ಮೊದಲು ತನ್ನದೇ ಒಂದು ಓದು ಇರಬೇಕು. ಆಗ ಮಾತ್ರ ಅವಳು ನಿರ್ದೇಶಕರ ಜೊತೆ ಮಾತಿಗೆ ಕೂರಬಹುದು. ಮತ್ತೆ, ಇಡೀ ಪುಸ್ತಕವನ್ನು ಇಡೀ ಸಿನಿಮಾದ ಜೊತೆ ತೂಗುವುದನ್ನು ಬಿಡಬೇಕು. ಒಂದು ಜಾಗ ಹಿಡಿಯಬೇಕು. ಅಕ್ಷರ ಸುಲಭವಾಗಿ ಮಾಡಿದ್ದನ್ನು ಕ್ಯಾಮೆರಾ ಮಾಡಲಾಗದೆ ಕಷ್ಟಪಡುವ ಜಾಗ. ಅಲ್ಲಿ ನಿಂತು ಕೇಳಬೇಕು: ಇಲ್ಲಿ ಏನು ಮಾಡಿದರು, ಯಾಕೆ ಹಾಗೆ ಮಾಡಿದರು?

ನನಗೆ ಇದು ಮನಸ್ಸಿಗೆ ಹತ್ತಿದ್ದು ‘ಚೋಮನ ದುಡಿ’ ಪಾಠ ಮಾಡುವಾಗ. ಶಿವರಾಮ ಕಾರಂತರ ಕಾದಂಬರಿ 1933ರದು. ಬಿ.ವಿ. ಕಾರಂತರ ಸಿನಿಮಾ 1975ರದು. ಚೋಮನಿಗೆ ಬೇಕಾಗಿದ್ದು ಒಂದೇ. ಒಂದು ತುಂಡು ನೆಲದಲ್ಲಿ ತಾನೇ ಬೇಸಾಯ ಮಾಡಬೇಕು. ಅವನು ಹುಟ್ಟಿದ ಜಾತಿಯ ಕಾರಣಕ್ಕೆ ಅದು ಅವನಿಗೆ ಸಿಗುವುದಿಲ್ಲ. ಸಿಟ್ಟು ಬಂದರೂ ದುಃಖ ಬಂದರೂ ಅವನ ಕೈ ಹೋಗುವುದು ದುಡಿ ಎಂಬ ಚರ್ಮವಾದ್ಯದ ಮೇಲೆ. ಕೊನೆಗೆ ದುಡಿ ಬಾರಿಸುತ್ತಲೇ ಸಾಯುತ್ತಾನೆ.

ಆದರೆ ಪುಟದ ಮೇಲೆ ದುಡಿಗೆ ಸದ್ದೇ ಇಲ್ಲ, ಅಲ್ವಾ? ಓದುವವರು ಆ ಸದ್ದನ್ನು ತಾವೇ ಮಾಡಿಕೊಳ್ಳಬೇಕು. ಒಮ್ಮೆ ತರಗತಿಯಲ್ಲಿ ಕಾದಂಬರಿಯ ಕೊನೆಯ ಪುಟಗಳನ್ನು ಗಟ್ಟಿಯಾಗಿ ಓದಿಸಿದೆ. ಆಮೇಲೆ ‘ನಿಮಗೆ ಕೇಳಿದ ಸದ್ದನ್ನು ಡೆಸ್ಕಿನ ಮೇಲೆ ಬಾರಿಸಿ ತೋರಿಸಿ’ ಎಂದೆ. ಕರಾವಳಿ ಕಡೆಯ ಹುಡುಗನೊಬ್ಬ ಬೆರಳ ತುದಿಯಿಂದ ಬೇಗ ಬೇಗ ಬಾರಿಸಿದ. ಅವನು ದುಡಿಯನ್ನು ಕಣ್ಣಾರೆ ಕಂಡವನು. ಬೆಂಗಳೂರಿನಲ್ಲೇ ಬೆಳೆದ ಹುಡುಗಿ ಡೊಳ್ಳಿನ ಹಾಗೆ ಅಂಗೈಯಿಂದ ಗುದ್ದಿದಳು. ಇನ್ನೊಬ್ಬ ನಿಧಾನವಾಗಿ, ಒಂದೊಂದೇ ಏಟು ಹಾಕಿದ, ಉಸಿರು ನಿಲ್ಲುತ್ತಿರುವ ಹಾಗೆ. ಒಂದೇ ಪುಟ, ಮೂರು ಸದ್ದು.

ಆಮೇಲೆ ಪ್ರೊಜೆಕ್ಟರಿನ ಮುಂದೆ ಒಂದು ನೋಟ್‌ಬುಕ್ ಅಡ್ಡ ಹಿಡಿದು ಸಿನಿಮಾದ ಆ ಭಾಗವನ್ನು ಬರೀ ಕೇಳಿಸಿದೆ. ಚಿತ್ರ ಇಲ್ಲ, ಸದ್ದು ಮಾತ್ರ. ಮೂರನೆಯ ಸಲ ಚಿತ್ರವನ್ನೂ ತೋರಿಸಿದೆ. ಒಂದೇ ಪ್ರಶ್ನೆ ಕೇಳಿದೆ: ‘ಈಗ ಏನು ಬಂತು, ಏನು ಹೋಯಿತು?’ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಹಿಂದಿನ ಬೆಂಚಿನಿಂದ ಒಂದು ಉತ್ತರ ಬಂತು: ‘ಓದುವಾಗ ದುಡಿ ಚೋಮನ ಮಾತು ಅನ್ನಿಸ್ತು. ನೋಡುವಾಗ ಅದು ನನ್ನ ಮೇಲೆ ಬೀಳೋ ಏಟು.’ ಇಪ್ಪತ್ತು ಅಂಶಗಳ ಪಟ್ಟಿಯಲ್ಲಿ ಈ ಮಾತು ಬರುವುದಕ್ಕೆ ಜಾಗವೇ ಇರಲಿಲ್ಲ.

ಅದೇ ಕಾದಂಬರಿಯಲ್ಲಿ ಇನ್ನೊಂದು ಜಾಗವಿದೆ. ಚೋಮನ ಮಗ ನೀಲ ಹೊಳೆಯಲ್ಲಿ ಮುಳುಗುತ್ತಾನೆ. ದಡದಲ್ಲಿ ಜನ ಇದ್ದಾರೆ. ಮುಟ್ಟಬಾರದ ಜಾತಿಯ ಹುಡುಗ ಎಂಬ ಕಾರಣಕ್ಕೆ ಅವನನ್ನು ಎತ್ತುವವರಿಲ್ಲ. ಬರೆಯುವವರಿಗೆ ಇಲ್ಲೊಂದು ಅನುಕೂಲವಿದೆ. ಒಂದು ವಾಕ್ಯದಲ್ಲಿ ನೀರೊಳಗಿನ ಹುಡುಗನನ್ನೂ, ದಡದಲ್ಲಿ ನಿಂತವರ ಮನಸ್ಸನ್ನೂ ಹೇಳಿಬಿಡಬಹುದು. ಕ್ಯಾಮೆರಾ ಎಲ್ಲಾದರೂ ಒಂದು ಕಡೆ ನಿಲ್ಲಲೇಬೇಕು. ದಡದಲ್ಲಿ ನಿಂತರೆ ನೋಡುವ ನಾವೂ ದಡದವರಾಗುತ್ತೇವೆ. ನೀರಿಗೆ ಇಳಿದರೆ ಹುಡುಗನ ಜೊತೆಗಿರುತ್ತೇವೆ. ‘ನೀವು ನಿರ್ದೇಶಕರಾಗಿದ್ದರೆ ಕ್ಯಾಮೆರಾ ಎಲ್ಲಿಡುತ್ತಿದ್ದಿರಿ?’ ಎಂದು ಸಿನಿಮಾ ತೋರಿಸುವ ಮೊದಲೇ ಕೇಳಿ. ತರಗತಿ ಎರಡಾಗುತ್ತದೆ. ಆ ಜಗಳ ಕ್ಯಾಮೆರಾದ ಜಗಳ ಮಾತ್ರ ಅಲ್ಲ, ನಾವು ಯಾರ ಪಕ್ಕ ನಿಂತಿದ್ದೇವೆ ಎನ್ನುವ ಜಗಳ. ಹುಡುಗರಿಗೆ ಅದು ತಾನಾಗಿಯೇ ಹೊಳೆಯುತ್ತದೆ.

‘ಸಂಸ್ಕಾರ’ದ ತೊಡಕು ಬೇರೆ. ಯು.ಆರ್. ಅನಂತಮೂರ್ತಿಯವರ ಈ ಕಾದಂಬರಿ 1965ರಲ್ಲಿ ಬಂತು. ಇದರ ಹುಟ್ಟಿನಲ್ಲೇ ಒಂದು ಸಿನಿಮಾ ಇದೆ ಎಂದು ತಿಳಿದರೆ ವಿದ್ಯಾರ್ಥಿಗಳು ಕಣ್ಣರಳಿಸುತ್ತಾರೆ. ಅನಂತಮೂರ್ತಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ಓದುತ್ತಿದ್ದಾಗ ತಮ್ಮ ಗುರು ಮಾಲ್ಕಮ್ ಬ್ರಾಡ್‌ಬರಿ ಜೊತೆ ಸ್ವೀಡನ್ನಿನ ನಿರ್ದೇಶಕ ಬರ್ಗ್‌ಮನ್‌ನ ‘ದಿ ಸೆವೆಂತ್ ಸೀಲ್’ ನೋಡಿದರು. ಸ್ವೀಡಿಷ್ ಭಾಷೆ, ಸಬ್‌ಟೈಟಲ್ ಇಲ್ಲ. ಮಾತು ಅರ್ಥವಾಗದ ಆ ಸಿನಿಮಾ ಅವರೊಳಗೆ ಏನನ್ನೋ ಕದಡಿತು, ‘ಸಂಸ್ಕಾರ’ ಬರೆಯಲು ಅದು ನೆಪವಾಯಿತು. ಅವರೇ ಇದನ್ನು ಹೇಳಿಕೊಂಡಿದ್ದಾರೆ. ಸಾಹಿತ್ಯ ತಾಯಿ, ಸಿನಿಮಾ ಅದರ ಮಗು ಎಂದು ನಾವು ಸುಮ್ನೆ ಅಂದುಕೊಂಡಿರುತ್ತೇವೆ. ಇಲ್ಲಿ ಒಂದು ಸಿನಿಮಾದಿಂದ ಕಾದಂಬರಿ ಬಂತು, ಆ ಕಾದಂಬರಿಯಿಂದ ಮತ್ತೆ ಸಿನಿಮಾ ಬಂತು.

ಪಟ್ಟಾಭಿರಾಮ ರೆಡ್ಡಿ ನಿರ್ದೇಶಿಸಿದ ಆ ಸಿನಿಮಾ 1970ರದು. ಚಿತ್ರಕಥೆ ಗಿರೀಶ ಕಾರ್ನಾಡರದು, ಪ್ರಾಣೇಶಾಚಾರ್ಯರ ಪಾತ್ರವೂ ಅವರದೇ. ನಾರಣಪ್ಪನಾಗಿ ಪಿ. ಲಂಕೇಶ್, ಚಂದ್ರಿಯಾಗಿ ಸ್ನೇಹಲತಾ ರೆಡ್ಡಿ. ಕ್ಯಾಮೆರಾ ಹಿಡಿದವರು ಆಸ್ಟ್ರೇಲಿಯಾದ ಟಾಮ್ ಕೋವನ್. ಸೆನ್ಸಾರ್ ಮೊದಲು ಸಿನಿಮಾಕ್ಕೆ ತಡೆ ಹಾಕಿತ್ತು, ತಡೆ ತೆರವಾದ ಮೇಲೆ ಅದಕ್ಕೇ ರಾಷ್ಟ್ರಪ್ರಶಸ್ತಿ ಬಂತು. ಈ ಹೆಸರುಗಳನ್ನು ತರಗತಿಯಲ್ಲಿ ಹೇಳುವುದಕ್ಕೆ ಒಂದು ಕಾರಣ ಇದೆ. ಕಾರ್ನಾಡ್ ನಾಟಕಕಾರ, ಲಂಕೇಶ್ ಕಥೆಗಾರ. ಒಬ್ಬ ಬರಹಗಾರನ ಕಾದಂಬರಿಯನ್ನು ಇನ್ನಿಬ್ಬರು ಬರಹಗಾರರು ಮೈಯಿಂದ ಓದಿದ್ದಾರೆ. ಅಗ್ರಹಾರವನ್ನು ಕಂಡೇ ಇರದ ಒಬ್ಬ ವಿದೇಶಿಯ ಕಣ್ಣು ಮಲೆನಾಡಿನ ಆ ಮನೆ, ಅಂಗಳ, ಬೆಳಕನ್ನು ನೋಡಿದೆ. ಸಿನಿಮಾ ಒಬ್ಬರ ಓದು ಎಂದೆ. ಇಲ್ಲಿ ಅದು ನಾಲ್ಕೈದು ಜನರ ಓದು.

ಈಗ ಕಷ್ಟದ ಜಾಗಕ್ಕೆ ಬರೋಣ. ಬ್ರಾಹ್ಮಣ್ಯದ ಕಟ್ಟಳೆ ಮುರಿದು ಬದುಕಿದ ನಾರಣಪ್ಪ ಸತ್ತಿದ್ದಾನೆ, ಅವನ ಸಂಸ್ಕಾರ ಯಾರು ಮಾಡಬೇಕು ಎಂಬುದೇ ಪ್ರಶ್ನೆ. ಹೆಣ ಸಂಸ್ಕಾರವಾಗದೆ ಅಗ್ರಹಾರದವರು ಊಟ ಮಾಡುವ ಹಾಗಿಲ್ಲ. ಉತ್ತರ ಹುಡುಕಲು ಹೋದ ಅಗ್ರಹಾರದ ಪಂಡಿತ ಪ್ರಾಣೇಶಾಚಾರ್ಯರು ಮಾರುತಿಯ ಗುಡಿಯಿಂದ ಬರಿಗೈಯಲ್ಲಿ ಬರುತ್ತಾರೆ, ಕಾಡಿನಲ್ಲಿ ನಾರಣಪ್ಪನ ಜೊತೆ ಬಾಳಿದ್ದ ಚಂದ್ರಿಯನ್ನು ಕೂಡುತ್ತಾರೆ. ಕಾದಂಬರಿಯ ಕೊನೆಯ ಭಾಗದಲ್ಲಿ ಅವರು ಊರು ಬಿಟ್ಟು ನಡೆಯುತ್ತಾರೆ, ಮಾಲೇರ ಪುಟ್ಟ ಜೊತೆಯಾಗುತ್ತಾನೆ, ಮೇಳಿಗೆಯ ಜಾತ್ರೆಗೆ ಹೋಗುತ್ತಾರೆ. ಹೊರಗೆ ನಡೆಯುವುದು ಇಷ್ಟು. ಒಳಗೆ ನಡೆಯುವುದೇ ಜಾಸ್ತಿ. ಪುಟಗಟ್ಟಲೆ ಯೋಚನೆ, ಭಯ, ತನ್ನನ್ನೇ ಕೆದಕಿಕೊಳ್ಳುವುದು.

ಮನಸ್ಸಿನೊಳಗೆ ಕ್ಯಾಮೆರಾ ಹೋಗಲಾರದು. ಅದಕ್ಕೆ ಕಾಣುವುದು ನಡೆಯುತ್ತಿರುವ ಒಬ್ಬ ಮನುಷ್ಯ. ಹಾಗಾದರೆ ಆ ಪುಟಗಳೆಲ್ಲ ಎಲ್ಲಿಗೆ ಹೋದವು? ‘ಅದನ್ನೆಲ್ಲ ಬಿಟ್ಟುಬಿಟ್ಟಿದ್ದಾರೆ’ ಎಂದು ಬರೆಯುವುದು ಸುಲಭ. ಆದರೆ ಕೂತು ನೋಡಿದರೆ ಕೆಲವು ಮುಖಕ್ಕೆ ಹೋಗಿವೆ, ಕೆಲವು ನಡಿಗೆಗೆ ಹೋಗಿವೆ, ಕೆಲವು ಜಾತ್ರೆಯ ಗದ್ದಲಕ್ಕೆ ಹೋಗಿವೆ. ಕೆಲವು ನಿಜವಾಗಿಯೂ ಹೋಗಿಬಿಟ್ಟಿವೆ. ನಾನು ಕೊಡುವ ಕೆಲಸ ಇದು: ಆಚಾರ್ಯರ ಯೋಚನೆಯ ಒಂದು ಪುಟ ಆರಿಸಿಕೊಳ್ಳಿ. ಮಾತು, ಹಿನ್ನೆಲೆ ದನಿ ಎರಡೂ ಇಲ್ಲದೆ ಅದನ್ನು ಐದು ಶಾಟ್‌ಗಳಲ್ಲಿ ಬರೆಯಿರಿ. ಈ ಕೆಲಸ ಮಾಡಿದ ಮೇಲೆ ಯಾವ ವಿದ್ಯಾರ್ಥಿಯೂ ‘ಬಿಟ್ಟುಬಿಟ್ಟಿದ್ದಾರೆ’ ಎಂದು ಹಗುರವಾಗಿ ಬರೆದದ್ದನ್ನು ನಾನು ನೋಡಿಲ್ಲ. ಪುಸ್ತಕದ ಬಗ್ಗೆಯೂ ಅವರಿಗೆ ಗೌರವ ಹೆಚ್ಚಾಗುತ್ತದೆ. ಆ ಪುಟವನ್ನು ಅವರು ಏಳೆಂಟು ಸಲ ಓದಿರುತ್ತಾರೆ, ಬೇರೆ ದಾರಿ ಇರುವುದಿಲ್ಲ.

‘ಸಂಸ್ಕಾರ’ದಲ್ಲೇ ಇನ್ನೊಂದು ಸೂಕ್ಷ್ಮ ಇದೆ. ಚಂದ್ರಿ ಮೀನು ವ್ಯಾಪಾರಿ ಅಹಮದ್ ಬ್ಯಾರಿಯ ಸಹಾಯದಿಂದ ರಾತ್ರೋರಾತ್ರಿ ಹೆಣ ಸುಟ್ಟುಬಿಡುತ್ತಾಳೆ. ಓದುಗರಿಗೆ ಇದು ಗೊತ್ತು. ಅಗ್ರಹಾರಕ್ಕೆ ಗೊತ್ತಿಲ್ಲ, ಆಚಾರ್ಯರಿಗೆ ಗೊತ್ತಿಲ್ಲ. ಯಾರಿಗೆ ಏನು, ಯಾವಾಗ ಗೊತ್ತಾಗುತ್ತದೆ ಎನ್ನುವುದನ್ನು ಪುಸ್ತಕದಲ್ಲಿ ಒಮ್ಮೆ, ಸಿನಿಮಾದಲ್ಲಿ ಒಮ್ಮೆ ಗುರುತು ಹಾಕಿಸಿ. ಕಥೆ ಹೇಳುವುದು ಅಂದರೆ ಏನನ್ನು ಹೇಳುವುದು ಮಾತ್ರ ಅಲ್ಲ, ಯಾವಾಗ ಹೇಳುವುದು ಕೂಡ ಎಂಬುದು ಉಪನ್ಯಾಸವಿಲ್ಲದೆ ಅರ್ಥವಾಗುತ್ತದೆ.

ಸಿನಿಮಾ ಮಾಡಲು ಹೊರಟದ್ದು ಕಾದಂಬರಿಯಾದರೆ ಕತ್ತರಿಸಬೇಕು. ತ.ರಾ.ಸು. ಅವರ ಮೂರು ಕಾದಂಬರಿಗಳನ್ನು ಪುಟ್ಟಣ್ಣ ಕಣಗಾಲ್ 1972ರಲ್ಲಿ ಒಂದೇ ‘ನಾಗರಹಾವು’ ಮಾಡಿದರು. ಲೇಖಕರಿಗೆ ಅದು ಅಷ್ಟು ಹಿಡಿಸಲಿಲ್ಲ, ನಾಗರಹಾವನ್ನು ಕೇರೆಹಾವು ಮಾಡಿದರು ಎಂದರು ಎಂಬ ಮಾತು ಇವತ್ತಿಗೂ ಓಡಾಡುತ್ತದೆ. ಜನ ಮಾತ್ರ ರಾಮಾಚಾರಿಯನ್ನು ಎದೆಗೆ ಅಪ್ಪಿಕೊಂಡರು. ಸಣ್ಣಕಥೆಯ ದಾರಿ ಇದಕ್ಕೆ ತಿರುಗುಮುರುಗು. ಅಲ್ಲಿ ಸೇರಿಸಬೇಕು. ತೇಜಸ್ವಿಯವರ ‘ಡೇರ್‌ಡೆವಿಲ್ ಮುಸ್ತಾಫಾ’ ಕೆಲವೇ ಪುಟಗಳ ಕಥೆ. 2023ರಲ್ಲಿ ಶಶಾಂಕ್ ಸೋಗಾಲ್ ಅದನ್ನು ಎರಡೂವರೆ ತಾಸು ಮೀರಿದ ಸಿನಿಮಾ ಮಾಡಿದರು, ತೇಜಸ್ವಿಯವರ ಅಭಿಮಾನಿಗಳು ಸೇರಿ ಹಣ ಹಾಕಿದರು. ಹಿಂದೂ ಹುಡುಗರೇ ತುಂಬಿದ ಕಾಲೇಜಿಗೆ ಒಬ್ಬ ಮುಸ್ಲಿಂ ಹುಡುಗ ಬರುತ್ತಾನೆ. ಇದಿಷ್ಟರ ಸುತ್ತ ಸಿನಿಮಾ ಏನೇನು ಕಟ್ಟಿತು? ಸೇರಿಸಿದ ಜಾಗಗಳಲ್ಲೇ ನಿರ್ದೇಶಕರ ಮನಸ್ಸು ಚೆನ್ನಾಗಿ ಕಾಣುವುದು. ಮೊದಲ ವರ್ಷದವರಿಗೆ ನಾನು ಇಲ್ಲಿಂದಲೇ ಶುರು ಮಾಡುತ್ತೇನೆ. ಕಥೆ ಒಂದೇ ಪೀರಿಯಡ್ಡಿನಲ್ಲಿ ಓದಿ ಮುಗಿಯುತ್ತದೆ, ಸಿನಿಮಾ ಅವರ ಕಾಲದ್ದು.

ಇನ್ನು ಕೆಲವರು ಕಥೆಯ ಪ್ರಶ್ನೆಯನ್ನೇ ಬೇರೆ ಕಡೆ ತಿರುಗಿಸುತ್ತಾರೆ. ವೈದೇಹಿಯವರ ಕಥೆಯಲ್ಲಿ ಸಣ್ಣ ಊರಿಗೆ ಸಿನಿಮಾ ಟಾಕೀಸು ಬರುತ್ತದೆ. ಗಿರೀಶ ಕಾಸರವಳ್ಳಿಯವರ ‘ಗುಲಾಬಿ ಟಾಕೀಸ್’ನಲ್ಲಿ (2008) ಅದರ ಜಾಗಕ್ಕೆ ಡಿಶ್ ಆಂಟೆನಾದ ಟಿವಿ ಬರುತ್ತದೆ, ಕಾರ್ಗಿಲ್ ಯುದ್ಧದ ಕಾಲ ಬರುತ್ತದೆ, ಗುಲಾಬಿ ಮುಸ್ಲಿಂ ಹೆಂಗಸಾಗುತ್ತಾಳೆ. ಭೈರಪ್ಪನವರ ‘ನಾಯಿ ನೆರಳು’ ಪುನರ್ಜನ್ಮದ ನಂಬಿಕೆಯನ್ನು ಹಿಡಿದು ಜಗ್ಗುವ ಕಾದಂಬರಿ. ಕಾಸರವಳ್ಳಿಯವರ ಸಿನಿಮಾದಲ್ಲಿ (2006) ಭಾರವೆಲ್ಲ ವೆಂಕುವಿನ ಮೇಲೆ ಬೀಳುತ್ತದೆ. ಸತ್ತ ಗಂಡನೇ ಮತ್ತೆ ಹುಟ್ಟಿ ಬಂದಿದ್ದಾನೆ ಎಂದು ಮನೆಯವರು ಒಬ್ಬ ಹುಡುಗನನ್ನು ತೋರಿಸಿದರೆ ಆ ಹೆಂಗಸಿನ ಪಾಡು ಏನು? ಇದು ಕಾದಂಬರಿಗೆ ಮಾಡಿದ ಮೋಸ ಎಂದು ಒಂದಿಬ್ಬರು ವಿದ್ಯಾರ್ಥಿಗಳು ಸಿಟ್ಟಾಗಿದ್ದಾರೆ. ಆಗಲಿ. ಪುಸ್ತಕದ ಪರವಾಗಿ ಸಿಟ್ಟಾಗಬೇಕಾದರೆ ಪುಸ್ತಕ ಓದಿರಬೇಕು ತಾನೇ.

ಓದಿನ ಕ್ರಮದ ವಿಷಯದಲ್ಲಿ ನಾನು ಹಟಮಾರಿ. ಮೊದಲು ಪುಸ್ತಕ, ಆಮೇಲೆ ಸಿನಿಮಾ. ಒಮ್ಮೆ ವಿಷ್ಣುವರ್ಧನ್ ಅವರನ್ನು ನೋಡಿದ ಮೇಲೆ ರಾಮಾಚಾರಿಗೆ ಬೇರೆ ಮುಖ ಕೊಡಲು ಆಗುವುದಿಲ್ಲ. ಓದುವಾಗ ತಮಗೆ ಕಂಡ ಮುಖ, ಮನೆ, ದನಿಯನ್ನು ಅರ್ಧ ಪುಟ ಬರೆದಿಡಲು ಹೇಳುತ್ತೇನೆ. ಸಿನಿಮಾ ನೋಡಿದ ಮೇಲೆ ಅದೇ ಅವರ ಸ್ವಂತ ಆಸ್ತಿ. ಹೋಲಿಕೆ ಆಗ ಎರಡರ ನಡುವೆ ಅಲ್ಲ, ಮೂರರ ನಡುವೆ ನಡೆಯುತ್ತದೆ: ಪುಸ್ತಕ, ಸಿನಿಮಾ, ಅವರ ಅರ್ಧ ಪುಟ. ಯಾವ ಎಐ ಕೂಡ ಆ ಮೂರನೆಯದನ್ನು ಅವರಿಗಾಗಿ ಬರೆದುಕೊಡಲಾರದು.

ಭಾಷೆ ಕಲಿಸುವವರಿಗೆ ಎರಡು ಹೆದರಿಕೆ ಇರುತ್ತದೆ. ಒಂದು, ‘ನನಗೆ ಸಿನಿಮಾದ ತಾಂತ್ರಿಕ ವಿಷಯ ಗೊತ್ತಿಲ್ಲ’ ಎನ್ನುವುದು. ಬೇಕಾಗುವುದು ಐದಾರು ಮಾತು: ಶಾಟ್, ಕಟ್, ಕ್ಲೋಸಪ್, ಕ್ಯಾಮೆರಾದ ಎತ್ತರ, ಹಿನ್ನೆಲೆ ಸದ್ದು, ಚೌಕಟ್ಟಿನ ಹೊರಗೆ ಉಳಿದದ್ದು. ಹೆಗ್ಗೋಡಿನ ರಂಗಸಂಸ್ಥೆ ನೀನಾಸಂ 1970ರ ದಶಕದಲ್ಲೇ ಹಳ್ಳಿಯ ಜನರಿಗೆ ಜಗತ್ತಿನ ಒಳ್ಳೊಳ್ಳೆಯ ಸಿನಿಮಾಗಳನ್ನು ತೋರಿಸಿ ಮಾತಾಡಿಸುತ್ತಿತ್ತು. ಅಡಿಕೆ ತೋಟದ ಕೆಲಸ ಮುಗಿಸಿ ಬಂದವರು ಅಷ್ಟು ಚೆನ್ನಾಗಿ ನೋಡಬಲ್ಲರಾದರೆ ನಮ್ಮ ಮೇಷ್ಟ್ರುಗಳಿಗೆ ಆಗುವುದಿಲ್ಲವೇ? ಎರಡು, ಕಾಪಿರೈಟ್. ಕಾಪಿರೈಟ್ ಕಾಯ್ದೆಯ 52ನೇ ಸೆಕ್ಷನ್ ಶಾಲೆ ಕಾಲೇಜುಗಳಿಗೆ ದಾರಿ ಬಿಟ್ಟಿದೆ. ಸಂಸ್ಥೆಯ ಚಟುವಟಿಕೆಯ ಭಾಗವಾಗಿ, ಅಲ್ಲಿನ ಸಿಬ್ಬಂದಿ, ವಿದ್ಯಾರ್ಥಿಗಳು, ಪೋಷಕರಷ್ಟೇ ಇರುವ ಕಡೆ ಸಿನಿಮಾ ತೋರಿಸಬಹುದು. ನಿಜವಾದ ತೊಂದರೆ ಒಳ್ಳೆಯ ಪ್ರಿಂಟ್ ಸಿಗದಿರುವುದು. ಮಸುಕು ಮಸುಕಾದ ಪ್ರತಿಯಲ್ಲಿ ಕಪ್ಪು ಬಿಳುಪಿನ ಬೆಳಕನ್ನು ಏನಂತ ವಿವರಿಸುವುದು? ಅದಕ್ಕೇ 2024ರಲ್ಲಿ ‘ಘಟಶ್ರಾದ್ಧ’ದ ಪ್ರಿಂಟನ್ನು ಹೊಸದಾಗಿ ಸರಿಪಡಿಸಿ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಿದರು ಎಂಬ ಸುದ್ದಿ ಓದಿ ನನಗೆ ಮನೆಯಲ್ಲಿ ಹಬ್ಬ ಬಂದಷ್ಟು ಸಂತೋಷವಾಯಿತು.

ಆ ‘ಘಟಶ್ರಾದ್ಧ’ವೇ ನನ್ನ ಕೊನೆಯ ಪಾಠ. ಅನಂತಮೂರ್ತಿಯವರ ಕಥೆ, ಕಾಸರವಳ್ಳಿಯವರ ಮೊದಲ ಚಿತ್ರ, 1977. ವೇದ ಕಲಿಯಲು ಉಡುಪರ ಮನೆಗೆ ಬಂದ ಪುಟ್ಟ ಹುಡುಗ ನಾಣಿ. ಉಡುಪರ ಮಗಳು ವಿಧವೆ ಯಮುನಕ್ಕ ಬಸಿರಾಗಿದ್ದಾಳೆ. ಕೊನೆಗೆ ಬದುಕಿರುವ ಮಗಳಿಗೇ ತಂದೆ ಶ್ರಾದ್ಧ ಮಾಡುತ್ತಾನೆ. ಇದನ್ನೆಲ್ಲ ನಾವು ಕಾಣುವುದು ನಾಣಿಯ ಕಣ್ಣಿನಿಂದ. ಅವನಿಗೆ ಅರ್ಧ ಅರ್ಥವಾಗುತ್ತದೆ, ಅರ್ಧ ಆಗುವುದಿಲ್ಲ. ಆ ಅರ್ಥವಾಗದ ಅರ್ಧವೇ ಕಥೆಯ ಜೀವ. ಕ್ಯಾಮೆರಾ ಅದನ್ನು ಹೇಗೆ ಉಳಿಸಿಕೊಂಡಿತು ಎಂದು ಹುಡುಕಲು ಎರಡು ಪೀರಿಯಡ್ ಬೇಕು.

ಇದೇ ಕಥೆಯಿಂದ ಹಿಂದಿಯಲ್ಲಿ ಅರುಣ್ ಕೌಲ್ 1991ರಲ್ಲಿ ‘ದೀಕ್ಷಾ’ ಮಾಡಿದರು. ಅಲ್ಲಿ ಕಲಿಯುವ ಹಂಬಲವಿರುವ ಕೆಳಜಾತಿಯ ಕೋಗ ಮುಂದೆ ಬರುತ್ತಾನೆ, ಆ ಪಾತ್ರ ಮಾಡಿದ್ದು ನಾನಾ ಪಾಟೇಕರ್. ಒಂದು ಕಥೆ, ಎರಡು ಸಿನಿಮಾ. ಇವೆರಡನ್ನು ಪಕ್ಕಪಕ್ಕ ಇಟ್ಟ ದಿನ ‘ಪುಸ್ತಕ ಮೇಲೋ ಸಿನಿಮಾ ಮೇಲೋ’ ಎಂಬ ಮಾತು ತರಗತಿಯಲ್ಲಿ ಏಳಲೇ ಇಲ್ಲ. ಬದಲಿಗೆ, ಸಾಮಾನ್ಯವಾಗಿ ಮಾತೇ ಆಡದ ಒಬ್ಬ ಹುಡುಗಿ ಕೇಳಿದಳು: ‘ಒಬ್ಬರು ನಾಣಿ ಕಡೆಯಿಂದ ಹೇಳಿದರು, ಇನ್ನೊಬ್ಬರು ಕೋಗನನ್ನು ಮುಂದೆ ತಂದರು. ಯಮುನಕ್ಕನ ಕಡೆಯಿಂದ ಯಾರೂ ಹೇಳಿಲ್ವಾ ಸರ್?’

ನನ್ನ ಹತ್ತಿರ ಉತ್ತರ ಇರಲಿಲ್ಲ. ‘ನೀನೇ ಬರಿ’ ಎಂದೆ. ಮುಂದಿನ ವಾರ ಎರಡು ಪುಟ ಬರೆದು ತಂದಳು. ಅಡುಗೆಮನೆಯ ಒಳಗೆ ಕೂತ ಯಮುನಕ್ಕನಿಗೆ ಹೊರಗೆ ಜಗಲಿಯಲ್ಲಿ ಹುಡುಗರು ಮಂತ್ರ ಬಾಯಿಪಾಠ ಮಾಡುವುದು ಕೇಳಿಸುತ್ತದೆ. ಒಬ್ಬನ ದನಿ ಮಾತ್ರ ಆಗಾಗ ತಡವರಿಸುತ್ತದೆ. ಅವಳು ಒಲೆ ಊದುವುದನ್ನು ನಿಲ್ಲಿಸಿ, ಆ ಸಣ್ಣ ದನಿ ಮುಂದಿನ ಸಾಲು ನೆನಪು ಮಾಡಿಕೊಳ್ಳುವ ತನಕ ಕಾಯುತ್ತಾಳೆ.